ನಲವತ್ತೊಂದು ದಿನ

ಅಡಿಕೆ ಕೊಯ್ಲಿನ ಕಾಲದಲ್ಲಿ ನಮ್ಮ ಮನೆಯಲ್ಲಿ ರಾತ್ರಿ ಹನ್ನೊಂದಾದರೂ ಯಾರೂ ಮಲಗುವುದಿಲ್ಲ. ಅಂಗಳದ ಮೂಲೆಯಲ್ಲಿ ಅಡಿಕೆಯ ಹಂಡೆ ಕುದಿಯುತ್ತಿರುತ್ತದೆ, ಚೊಗರಿನ ವಾಸನೆ ಉಟ್ಟ ಬಟ್ಟೆಗೆಲ್ಲ ಹತ್ತಿರುತ್ತದೆ. ಮೆಟ್ಟುಗತ್ತಿಯ ಮುಂದೆ ಕೂತವರಿಗೆ ಕೈತುಂಬ ಕೆಲಸ, ಬಾಯಿ ಮಾತ್ರ ಖಾಲಿ. ನಮ್ಮ ಮನೆಯ ದೊಡ್ಡ ಜಗಳಗಳೂ ದೊಡ್ಡ ಕತೆಗಳೂ ಹುಟ್ಟಿದ್ದು ಈ ಒಲೆಯ ಮುಂದೆಯೇ.

ರಜೆಗೆಂದು ಶಿರಸಿ ಕಡೆಯ ನಮ್ಮೂರಿಗೆ ಹೋಗಿದ್ದಾಗ ಅಂಥದೇ ಒಂದು ರಾತ್ರಿ ಅಣ್ಣನ ಮಗಳು ಮೊಬೈಲು ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತಳು. ಧಾರವಾಡದಲ್ಲಿ ಕಾನೂನು ಓದುತ್ತಾಳೆ. ಲೋಕದ ಯಾವ ಮೂಲೆಯ ತಕರಾರಾದರೂ ಅವಳಿಗೆ ಬೇಕು. ಪರದೆಯ ಮೇಲೆ ಒಂದು ವೇದಿಕೆ. ಬಿಳಿಕೂದಲಿನ ಮುದುಕರೊಬ್ಬರು ಕೈ ಚಾಚುತ್ತಾರೆ. ಎದುರಿನ ಕನ್ನಡಕದ ಹೆಂಗಸು ಕೈ ಕೊಡುವುದಿಲ್ಲ. ತನ್ನ ಎರಡೂ ಕೈಗಳನ್ನು ಹಿಡಿದುಕೊಂಡೇ ಏನೋ ಹೇಳುತ್ತಾಳೆ. ಹಿಂದೆ ಇನ್ನೊಬ್ಬ, ಗಂಡ ಹೆಂಡಿರ ಜಗಳದ ನಡುವೆ ಮನೆಗೆ ಬಂದ ನೆಂಟನ ಹಾಗೆ, ಮುಂದೆ ಬರಲೂ ಆಗದೆ ಹಿಂದೆ ಹೋಗಲೂ ಆಗದೆ ನಿಂತಿದ್ದಾನೆ.

"ಅತ್ತೆ, ಇವಳು ಎಲಿಜಬೆತ್ ವಾರನ್ ಅಲ್ವಾ? ಅವನು ಬರ್ನಿ ಸ್ಯಾಂಡರ್ಸ್. ಇಬ್ಬರು ಹೇಳೋದೂ ಹೆಚ್ಚುಕಡಿಮೆ ಒಂದೇ. ಸಾಹುಕಾರರಿಗೆ ತೆರಿಗೆ ಹಾಕಿ, ಓದೋ ಮಕ್ಕಳ ಸಾಲ ಮನ್ನಾ ಮಾಡಿ. ಹಾಗಿದ್ಮೇಲೆ ತಾನು ಕಣ ಬಿಟ್ಟಾಗ ಅವನಿಗೆ ಬೆಂಬಲ ಯಾಕೆ ಕೊಡ್ಲಿಲ್ಲ? ನೀನು ಅವಳ ಪರವಾಗಿ ಮನೆಮನೆ ತಿರುಗಿದ್ದೆಯಂತೆ, ಅಪ್ಪ ಹೇಳ್ತಿದ್ದ."

"ಕತೆ ಉದ್ದ ಇದೆ" ಅಂದೆ.

"ಅಡಿಕೆಯೂ ಇದೆ" ಎಂದರು ದೊಡ್ಡಮ್ಮ, ಬುಟ್ಟಿಯನ್ನು ನನ್ನ ಕಡೆಗೆ ದೂಡುತ್ತ.

ಆಗ ನಾವಿದ್ದದ್ದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಲೋವೆಲ್‌ನಲ್ಲಿ. ಹಳೆಯ ಬಟ್ಟೆಗಿರಣಿಗಳ ಊರು. ಹತ್ತಿರದಲ್ಲೇ ಲಾರೆನ್ಸ್ ಎಂಬ ಇನ್ನೊಂದು ಗಿರಣಿ ಊರು. 2019ರ ಫೆಬ್ರವರಿ 9ರಂದು ವಾರನ್ ತಾವು ಅಧ್ಯಕ್ಷ ಪದವಿಗೆ ಸ್ಪರ್ಧಿಸುವುದಾಗಿ ಸಾರಿದ್ದು ಅಲ್ಲಿನ ಎವರೆಟ್ ಗಿರಣಿಯ ಮುಂದೆ. 1912ರಲ್ಲಿ ವಾರದ ದುಡಿಮೆಯನ್ನು 56 ಗಂಟೆಯಿಂದ 54ಕ್ಕೆ ಇಳಿಸುವ ಕಾನೂನು ಬಂದಾಗ ಮಾಲೀಕರು ಕೂಲಿಯನ್ನೂ ಅಷ್ಟಕ್ಕಷ್ಟೇ ಕತ್ತರಿಸಿದರು. ಆಗ ಮಗ್ಗ ನಿಲ್ಲಿಸಿ ಹೊರಗೆ ಬಂದವರು ಇದೇ ಗಿರಣಿಯ ಹೆಂಗಸರು. ವಾರನ್ ಬಂದ ದಿನ ಕೊರೆಯುವ ಚಳಿ. ಪಕ್ಕದ ಮನೆಯ ನಿವೃತ್ತ ಟೀಚರಮ್ಮ "ಸುಮ್ಮನೆ ನೋಡಿಕೊಂಡು ಬರೋಣ ಬಾ" ಎಂದು ಕರೆದಿದ್ದಕ್ಕೆ ಹೋಗಿದ್ದೆ. ಸುಮ್ಮನೆ ನೋಡಲು ಹೋದವಳು ಒಂದು ವರ್ಷ ಅವರ ಹಿಂದೆ ಓಡಾಡಿದೆ.

ಯಾಕೆಂದರೆ, ಆ ದಿನಗಳಲ್ಲಿ ವಾರನ್ ಮತ್ತೆ ಮತ್ತೆ ಹೇಳುತ್ತಿದ್ದ ಒಂದು ಕತೆ. ಒಕ್ಲಹೋಮದಲ್ಲಿ ಅವರು ಸಣ್ಣವರಿದ್ದಾಗ ಅಪ್ಪನಿಗೆ ಹೃದಯಾಘಾತವಾಗಿ ಕೆಲಸ ಹೋಯಿತು, ಮನೆಯೂ ಕೈಬಿಡುವ ಹಾಗಾಯಿತು. ಎಂದೂ ಹೊರಗೆ ದುಡಿಯದ ಅಮ್ಮ, ಅಳುತ್ತಳುತ್ತಲೇ ಇದ್ದ ಒಂದು ಒಳ್ಳೆಯ ಉಡುಪು ಹಾಕಿಕೊಂಡು ಸಿಯರ್ಸ್ ಅಂಗಡಿಗೆ ನಡೆದುಹೋಗಿ ಕನಿಷ್ಠ ಕೂಲಿಯ ಕೆಲಸ ಹಿಡಿದರಂತೆ. ಮನೆ ಉಳಿಯಿತು. ನನ್ನ ಅಮ್ಮ ಸೊಸೈಟಿ ಸಾಲ ಕಟ್ಟಲು ಬಳೆ ಬಿಚ್ಚಿಕೊಟ್ಟ ದಿನ ನಾನು ಬಾಗಿಲ ಸಂದಿಯಲ್ಲಿ ನಿಂತು ನೋಡಿದ್ದೆ. ರಾಜಕಾರಣಿಗಳ ಭಾಷಣ ಕೇಳಿ ಗಂಟಲು ಕಟ್ಟಿದ್ದು ನನಗೆ ಅದೊಂದೇ ಸಲ.

ನನಗೆ ಅಲ್ಲಿ ವೋಟಿಲ್ಲ. ಕೆಲಸದ ವೀಸಾದ ಮೇಲಿದ್ದವಳು. ಚುನಾವಣೆಗೆ ಒಂದು ಡಾಲರ್ ದೇಣಿಗೆ ಕೊಡುವ ಹಾಗೂ ಇಲ್ಲ. ಸಂಬಳವಿಲ್ಲದೆ ದುಡಿಯುವುದಕ್ಕೆ ಮಾತ್ರ ಅಡ್ಡಿಯಿಲ್ಲ. ಆ ವಿಷಯದಲ್ಲಿ ಎಲ್ಲ ದೇಶಗಳೂ ಒಂದೇ.

ಗಡಿ ದಾಟಿದರೆ ನ್ಯೂಹ್ಯಾಂಪ್‌ಶೈರ್. ದೇಶದ ಮೊದಲ ಪ್ರೈಮರಿ ನಡೆಯುವುದು ಅಲ್ಲಿ. ಪ್ರೈಮರಿ ಎಂದರೆ ಪಕ್ಷದ ಟಿಕೆಟ್ ಯಾರಿಗೆ ಎಂದು ಜನರೇ ವೋಟು ಹಾಕಿ ಹೇಳುವ ಚುನಾವಣೆ. "ಹೈಕಮಾಂಡ್ ಇಲ್ವಾ?" ಎಂದು ದೊಡ್ಡಪ್ಪ ನಡುವೆ ಬಾಯಿ ಹಾಕಿದರು. ಹೈಕಮಾಂಡ್ ಇಲ್ಲ, ಅದಕ್ಕೇ ಇಷ್ಟು ಓಡಾಟ. ಶನಿವಾರ ಬೆಳಗ್ಗೆ ಟೀಚರಮ್ಮನ ಕಾರಿನಲ್ಲಿ ಅರ್ಧ ಗಂಟೆ ದೂರದ ನ್ಯಾಶುವಾಕ್ಕೆ ಹೋಗುತ್ತಿದ್ದೆವು. ಮೊಬೈಲಿನಲ್ಲಿ ಮನೆಗಳ ಪಟ್ಟಿ. ಬೂಟಿಗೆ ಮೆತ್ತಿದ ಮಂಜು ಕೊಡವಿ ಬಾಗಿಲು ತಟ್ಟಬೇಕು, ನಗಬೇಕು, ಕೇಳಬೇಕು. ಖಂಡಿತ ನಮ್ಮವರಾದರೆ 1, ಖಂಡಿತ ಅಲ್ಲವಾದರೆ 5 ಎಂದು ಗುರುತು ಹಾಕಬೇಕು. ಕೊನೆಗೆ ಇನ್ನೊಂದು ಪ್ರಶ್ನೆ: ವಾರನ್ ಅಲ್ಲದಿದ್ದರೆ ನಿಮ್ಮ ಎರಡನೆಯ ಆಯ್ಕೆ ಯಾರು?

ಈ ಎರಡನೆಯ ಪ್ರಶ್ನೆಯೇ ನನಗೆ ಅಮೆರಿಕದ ರಾಜಕೀಯ ಕಲಿಸಿದ್ದು. ನಮ್ಮ ಲೆಕ್ಕ ಸುಲಭವಿತ್ತು. ವಾರನ್ ಎಡಕ್ಕೆ, ಸ್ಯಾಂಡರ್ಸ್ ಎಡಕ್ಕೆ, ಇವರಲ್ಲದಿದ್ದರೆ ಅವರು. ಬಾಗಿಲು ತೆರೆದವರು ಹಾಗೆ ಹೇಳುತ್ತಿರಲಿಲ್ಲ. ಒಬ್ಬ ನಿವೃತ್ತ ನರ್ಸು "ವಾರನ್, ಇಲ್ಲದಿದ್ದರೆ ಏಮಿ ಕ್ಲೊಬುಚಾರ್" ಎಂದರು. ಇಬ್ಬರೂ ಹೆಂಗಸರು, ಅಷ್ಟೇ ಅವರ ಲೆಕ್ಕ. ಪಿಕಪ್ ಲಾರಿಯ ಕೆಳಗೆ ಮಲಗಿ ಏನೋ ಬಿಗಿಯುತ್ತಿದ್ದ ಹುಡುಗ "ಬರ್ನಿ" ಎಂದ, ಮುಖ ಹೊರಗೆ ತೆಗೆಯದೆ. ಒಂದು ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ವಾರನ್ ಕಡೆ. ಎರಡನೆಯ ಹೆಸರು ಕೇಳಿದ್ದೇ ತಪ್ಪಾಯಿತು, ಆಕೆ ಪೀಟ್ ಬುಟಿಜೆಜ್ ಅಂದರು, ಆತ ಬೈಡನ್ ಅಂದರು, ನಾವು ಮೆಟ್ಟಿಲಿಳಿದರೂ ಒಳಗೆ ವಾದ ನಡೆದೇ ಇತ್ತು. ಇನ್ನೊಬ್ಬಾಕೆ, ನನ್ನ ಅಮ್ಮನ ವಯಸ್ಸಿನವರು, "ಅವಳಿಲ್ಲದಿದ್ದರೆ ನಾನು ಮನೆಯಲ್ಲೇ ಇರ್ತೀನಿ" ಎಂದು ಬಾಗಿಲು ಹಾಕಿಕೊಂಡರು. ಅಲ್ಲಿ ಯಾವ ಪಕ್ಷಕ್ಕೂ ಹೆಸರು ಬರೆಸದವರೂ ತಮಗೆ ಬೇಕಾದ ಪಕ್ಷದ ಪ್ರೈಮರಿಯಲ್ಲಿ ವೋಟು ಹಾಕಬಹುದು; ಹಾಗಾಗಿ ಎಡ ಬಲ ಎಂಬ ಗೆರೆಯೇ ತಲೆಯಲ್ಲಿಲ್ಲದ ಜನ ಬೇಕಾದಷ್ಟಿದ್ದರು. ಅವರು ಗೆರೆ ನೋಡುತ್ತಿರಲಿಲ್ಲ, ಮನುಷ್ಯರನ್ನು ನೋಡುತ್ತಿದ್ದರು.

ನನ್ನ ಮಗಳಿಗೆ ಆಗ ಆರು ವರ್ಷ. ವಾರನ್ ಸಭೆ ಮುಗಿದ ಮೇಲೆ ಫೋಟೊಕ್ಕೆಂದು ಗಂಟೆಗಟ್ಟಲೆ ನಿಲ್ಲುತ್ತಿದ್ದರು. ಸಣ್ಣ ಹುಡುಗಿಯರು ಬಂದರೆ ಬಗ್ಗಿ, ನಾನು ಅಧ್ಯಕ್ಷೆಯಾಗಲು ಹೊರಟಿದ್ದೇನೆ, ಯಾಕೆಂದರೆ ಹುಡುಗಿಯರು ಮಾಡುವ ಕೆಲಸ ಅದು ಎಂದು ಹೇಳಿ, ಮರೆಯದಿರಲಿ ಅಂತ ಕಿರುಬೆರಳಿಗೆ ಕಿರುಬೆರಳು ಸೇರಿಸಿ ಮಾತು ತೆಗೆದುಕೊಳ್ಳುತ್ತಿದ್ದರು. ನನ್ನ ಮಗಳೂ ಬೆರಳು ಕೊಟ್ಟಳು. ಮನೆಗೆ ಬಂದು ಎರಡು ದಿನ ಆ ಬೆರಳು ತೊಳೆಯಲಿಲ್ಲ.

ಮನೆಯಲ್ಲಿ ಮಾತ್ರ ಬೇರೆಯೇ ಪಕ್ಷ. ಇವರು, ಎಂದರೆ ನನ್ನ ಗಂಡ, ಬರ್ನಿಯ ಭಕ್ತರು. ಫ್ರಿಜ್ಜಿನ ಮೇಲೆ ಒಂದು ಕಡೆ ಅವರ ಸ್ಟಿಕರ್, ಇನ್ನೊಂದು ಕಡೆ ನನ್ನದು, ನಡುವೆ ಹಾಲಿನ ಲೆಕ್ಕ. ಇವರಿಗೆ ವಾರನ್ ಮೇಲೆ 2016ರ ಹಳೆಯ ಸಿಟ್ಟು. ಆ ವರ್ಷ ಹಿಲರಿ ಕ್ಲಿಂಟನ್ ಮತ್ತು ಸ್ಯಾಂಡರ್ಸ್ ನಡುವೆ ಪೈಪೋಟಿ ನಡೆದಾಗ ವಾರನ್ ಕಣದಲ್ಲೇ ಇರಲಿಲ್ಲ, ಆದರೂ ಯಾರ ಪರವಾಗಿಯೂ ಬಾಯಿ ಬಿಡಲಿಲ್ಲ. ಅವರದೇ ರಾಜ್ಯ ಮ್ಯಾಸಚೂಸೆಟ್ಸ್‌ನಲ್ಲಿ ಸ್ಯಾಂಡರ್ಸ್ ಒಂದೂವರೆ ಪರ್ಸೆಂಟಿನಷ್ಟು ಅಂತರದಲ್ಲಿ ಸೋತರು. "ಒಂದು ಮಾತು ಆಡಿದ್ದರೆ ಗೆಲ್ತಿದ್ದ" ಎಂದು ಇವರು ಈಗಲೂ ಹೇಳುತ್ತಾರೆ. ಆಗ ಡೆಮಾಕ್ರಟಿಕ್ ಪಕ್ಷದ ಉಳಿದ ಮಹಿಳಾ ಸೆನೆಟರುಗಳೆಲ್ಲ ಹಿಲರಿ ಪರ ನಿಂತಿದ್ದರು. ವಾರನ್ ಒಬ್ಬರೇ ನಿಂತಿರಲಿಲ್ಲ ಎಂದು ನಾನು ನೆನಪಿಸುತ್ತಿದ್ದೆ. ಲೆಕ್ಕ ಎಲ್ಲಾದರೂ ಒಂದು ಕಡೆ ಬಾಕಿ ಉಳಿಯುತ್ತಿತ್ತು. ಕೊನೆಗೆ ಆ ವರ್ಷ ಜೂನ್ 9ಕ್ಕೆ, ಕ್ಯಾಲಿಫೋರ್ನಿಯಾ ಎಲ್ಲ ಮುಗಿದ ಮೇಲೆ, ವಾರನ್ ಹಿಲರಿಗೆ ಬೆಂಬಲ ಎಂದರು.

ಹಾಗಿರುವಾಗ ಬಂತು ಈ ಕೈ ಕೊಡದ ಪ್ರಸಂಗ. 2020ರ ಜನವರಿ 14, ಅಯೋವಾದ ಡಿ ಮೊಯ್ನ್‌ನಲ್ಲಿ ಚರ್ಚೆ. ಅದರ ಹಿಂದಿನ ದಿನ ಒಂದು ಸುದ್ದಿ ಹೊರಬಿದ್ದಿತ್ತು: 2018ರ ಕೊನೆಯಲ್ಲಿ ಇಬ್ಬರೂ ಖಾಸಗಿಯಾಗಿ ಕೂತು ಮಾತಾಡಿದಾಗ, ಹೆಂಗಸು ಗೆಲ್ಲಲಾರಳು ಎಂದು ಸ್ಯಾಂಡರ್ಸ್ ಹೇಳಿದ್ದರು ಎಂದು. ಹೇಳಿದ್ದು ಹೌದು ಎಂದರು ವಾರನ್. ಹೇಳೇ ಇಲ್ಲ ಎಂದರು ಸ್ಯಾಂಡರ್ಸ್. ವೇದಿಕೆಯ ಮೇಲೂ ಅದೇ. ಚರ್ಚೆ ಮುಗಿದದ್ದೇ ತಡ, ಟಿವಿಯ ಮುಂದೆ ನನ್ನನ್ನು ಸುಳ್ಳಿ ಅಂದ ಹಾಗಾಯಿತಲ್ಲ ಎಂದು ವಾರನ್ ನೇರವಾಗಿ ಕೇಳಿದರು. ಅದೇ ನೀನು ನೋಡಿದ್ದು. ಹಿಂದೆ ನಿಂತ ನೆಂಟ ಟಾಮ್ ಸ್ಟೈಯರ್, ಅವನೂ ಅಭ್ಯರ್ಥಿಯೇ. ಪಾಪ, ಬರ್ನಿಗೆ ನಮಸ್ಕಾರ ಹೇಳಲು ಬಂದವನು.

ಮರುದಿನದಿಂದ ವಾರನ್ ಹೆಸರಿನ ಕೆಳಗೆಲ್ಲ ಹಾವಿನ ಚಿತ್ರಗಳು. ಸಾವಿರಾರು. ಇವರು ಹಾಕಿದವರಲ್ಲ, ಆದರೆ ನಕ್ಕರು. ನಕ್ಕದ್ದನ್ನು ನಾನು ನೋಡಿದೆ. ಆ ರಾತ್ರಿ ನಮ್ಮ ಮನೆಯಲ್ಲಿ ಅನ್ನ ಸಾರಿನ ಮಾತು ಬಿಟ್ಟರೆ ಬೇರೆ ಮಾತಿಲ್ಲ.

ಅಯೋವಾದಲ್ಲಿ ವಾರನ್ ಮೂರನೆಯವರಾದರು. ಫೆಬ್ರವರಿ 11ಕ್ಕೆ ನ್ಯೂಹ್ಯಾಂಪ್‌ಶೈರ್‌ನಲ್ಲಿ, ನಮ್ಮ ಬೂಟು ಸವೆದ ಅದೇ ನೆಲದಲ್ಲಿ, ನಾಲ್ಕನೆಯವರು. ಶೇಕಡ 9ರ ಸುಮಾರು. ಶೇಕಡ 15 ದಾಟದವರಿಗೆ, ಟಿಕೆಟ್ ತೀರ್ಮಾನಿಸುವ ಪ್ರತಿನಿಧಿಗಳಲ್ಲಿ ಒಬ್ಬರೂ ಸಿಗದ ನಿಯಮ ಅವರ ಪಕ್ಷದ್ದು. ನಾವು ತಟ್ಟಿದ ಬಾಗಿಲುಗಳೆಲ್ಲ ಸೇರಿ ಸೊನ್ನೆ. ಐದನೆಯವರಾದ ಬೈಡನ್‌ಗೂ ಸೊನ್ನೆಯೇ; ಅವರು ಫಲಿತಾಂಶಕ್ಕೂ ಕಾಯದೆ ಸೌತ್ ಕೆರೊಲಿನಾದ ವಿಮಾನ ಹತ್ತಿದ್ದರು. ಮನುಷ್ಯನ ಕತೆ ಮುಗಿಯಿತು ಎಂದು ಟೀಚರಮ್ಮ ಕಾಫಿ ಕುಡಿಯುತ್ತ ಘೋಷಿಸಿದ್ದು ನನಗೆ ಚೆನ್ನಾಗಿ ನೆನಪಿದೆ.

ಮುಂದಿನದ್ದು ನೋಡು. ಫೆಬ್ರವರಿ 26ಕ್ಕೆ ಸೌತ್ ಕೆರೊಲಿನಾದ ಹಿರಿಯ ಸಂಸದ ಜಿಮ್ ಕ್ಲೈಬರ್ನ್ ಬೈಡನ್ ನನ್ನವನು ಎಂದರು. 29ಕ್ಕೆ ಬೈಡನ್ ಅಲ್ಲಿ ಭರ್ಜರಿಯಾಗಿ ಗೆದ್ದರು. ಮಾರ್ಚ್ 1ಕ್ಕೆ ಬುಟಿಜೆಜ್ ಕಣ ಬಿಟ್ಟರು, 2ಕ್ಕೆ ಕ್ಲೊಬುಚಾರ್ ಬಿಟ್ಟರು; ಅವತ್ತೇ ರಾತ್ರಿ ಇಬ್ಬರೂ ಡಾಲಸ್‌ಗೆ ಹೋಗಿ ಬೈಡನ್ ಬೆನ್ನಿಗೆ ನಿಂತರು. ಮರುದಿನ 14 ರಾಜ್ಯಗಳ ಚುನಾವಣೆ. ಬೆಂಬಲದ ಮಾತಿಗೆ ಬೆಲೆಯಿಲ್ಲ ಎನ್ನುವವರು ಆ ಒಂದು ವಾರ ನೋಡಬೇಕು. ಬೈಡನ್ ಹೆಚ್ಚೇನೂ ಪ್ರಚಾರ ಮಾಡದ ಮ್ಯಾಸಚೂಸೆಟ್ಸ್ ಕೂಡ ಅವರ ಪಾಲಾಯಿತು. ಸ್ಯಾಂಡರ್ಸ್ ಎರಡನೆಯವರು. ಸ್ವಂತ ರಾಜ್ಯದಲ್ಲಿ ವಾರನ್ ಮೂರನೆಯವರು.

ಮಾರ್ಚ್ 5, ಗುರುವಾರ. ಆಫೀಸಿನ ಊಟದ ಹೊತ್ತು. ಡಬ್ಬಿಯ ಪಕ್ಕ ಮೊಬೈಲು ಇಟ್ಟುಕೊಂಡು ನೋಡಿದೆ. ಕೇಂಬ್ರಿಜ್‌ನ ತಮ್ಮ ಮನೆಯ ಮುಂದೆ ನಿಂತು, ಪಕ್ಕದಲ್ಲಿ ಗಂಡ, ಜೊತೆಗೆ ಬೈಲಿ ಎಂಬ ನಾಯಿ, ಸ್ಪರ್ಧೆ ನಿಲ್ಲಿಸುತ್ತಿದ್ದೇನೆ ಎಂದರು ವಾರನ್. ಪಕ್ಷದಲ್ಲಿ ಎರಡು ಓಣಿ, ಒಂದರಲ್ಲಿ ಸ್ಯಾಂಡರ್ಸ್, ಒಂದರಲ್ಲಿ ಬೈಡನ್, ನಡುವೆ ಯಾರಿಗೂ ಜಾಗವಿಲ್ಲ ಎಂದು ಮೊದಲಿಂದ ಹೇಳುತ್ತಿದ್ದರು, ನಾನು ನಂಬಿರಲಿಲ್ಲ, ನನ್ನದೇ ತಪ್ಪಾಯಿತೇನೋ ಎಂದರು. ಹೆಂಗಸು ಎಂಬುದು ಅಡ್ಡ ಬಂತೇ ಎಂಬ ಪ್ರಶ್ನೆಗೆ, ಹೌದೆಂದರೆ ಗೋಳು ಅನ್ನುತ್ತಾರೆ, ಇಲ್ಲವೆಂದರೆ ಲೋಕದ ಹೆಂಗಸರೆಲ್ಲ ನೀನು ಯಾವ ಗ್ರಹದವಳು ಎಂದು ಕೇಳುತ್ತಾರೆ ಎನ್ನುವ ಅರ್ಥದಲ್ಲಿ ಉತ್ತರಿಸಿದರು. ಕಿರುಬೆರಳು ಕೊಟ್ಟ ಸಣ್ಣ ಹುಡುಗಿಯರೆಲ್ಲ ಇನ್ನೂ ನಾಲ್ಕು ವರ್ಷ ಕಾಯಬೇಕಲ್ಲ ಎನ್ನುವಾಗ ದನಿ ಒಡೆಯಿತು. ನಾನು ಎದ್ದು ಹೋಗಿ ಡಬ್ಬಿ ತೊಳೆದೆ. ಊಟ ಮಾಡಿರಲಿಲ್ಲ.

ಬೆಂಬಲ ಯಾರಿಗೆ ಎಂದು ಕೇಳಿದರು. ಇವತ್ತಲ್ಲ, ಸ್ವಲ್ಪ ಉಸಿರಾಡೋಣ ಎಂದರು.

ಆ ರಾತ್ರಿ ಇವರದು ಒಂದೇ ರಾಗ. "10ನೇ ತಾರೀಕು ಮಿಶಿಗನ್. ಹೋದ ಸಲ ಬರ್ನಿ ಗೆದ್ದ ರಾಜ್ಯ. ಐದು ದಿನ ಇದೆ. ಈಗ ಹೇಳದೆ ಇನ್ನು ಯಾವಾಗ ಹೇಳ್ತಾಳೆ? ಹೇಳಿದರೆ ಅವಳ ಗಂಟೇನು ಹೋಗತ್ತೆ?"

ನಾನು ನ್ಯಾಶುವಾದ ಮನೆಮನೆಯಲ್ಲಿ ಕೇಳಿದ್ದನ್ನು ಬರೆದಿಟ್ಟ ಪುಸ್ತಕ ತಂದು ಇವರ ಮುಂದೆ ಇಟ್ಟೆ. ಎರಡನೆಯ ಹೆಸರು ಬರೆದ ಕಾಲಂ. ಏಮಿ, ಪೀಟ್, ಬರ್ನಿ, ಬೈಡನ್, ಬರ್ನಿ, ಯಾರೂ ಇಲ್ಲ, ಏಮಿ. "ಇದರಲ್ಲಿ ಯಾರನ್ನ ಯಾರಿಗೆ ಕೊಡಬೇಕು ಹೇಳಿ" ಎಂದೆ. ಇವರು ಪುಟ ತಿರುವಿದರು. "ಬರ್ನಿಗೆ ಹತ್ತು ಸಿಕ್ಕರೆ ಹತ್ತೇ ಲಾಭ" ಎಂದರು. ಬೈಡನ್‌ಗೂ ಅಷ್ಟೇ ಹೋದರೆ? ಅದಕ್ಕೆ ಉತ್ತರ ಬರಲಿಲ್ಲ, ಇವರು ಹೀಟರಿನ ಮೇಲೆ ಒಣಹಾಕಿದ್ದ ಮಗಳ ಸಾಕ್ಸು ತಿರುವಿ ಹಾಕಿದರು. ಅದೇ ಹೊತ್ತಿಗೆ ವಾರನ್ ಟಿವಿಯಲ್ಲಿ ನಿರೂಪಕಿ ರೇಚಲ್ ಮ್ಯಾಡೋ ಎದುರು ಕೂತು, ಸ್ಯಾಂಡರ್ಸ್ ಬೆಂಬಲಿಗರ ಆನ್‌ಲೈನ್ ದಾಳಿಯ ಬಗ್ಗೆ ಮಾತಾಡುತ್ತಿದ್ದರು. ಹಾವಿನ ಚಿತ್ರ ಕಳಿಸಿದ ಕೈಗಳೇ ಈಗ ಬೆಂಬಲ ಕೊಡಿ ಎಂದು ಚಾಚಿದ್ದವು.

ಭಾನುವಾರ ಮಾಮೂಲಿನಂತೆ ಊರಿಗೆ ಫೋನು ಮಾಡಿದೆ. ದೊಡ್ಡಪ್ಪನಿಗೆ ಟಿವಿಯಲ್ಲಿ ಅಮೆರಿಕದ ಸುದ್ದಿ ಸಿಕ್ಕಿತ್ತು. ನಾನು ಗೋಳು ತೋಡಿಕೊಂಡೆ. ಅವರು ನಕ್ಕು, "ಕೂಸೇ, ನಂಗೂ ಆಗಿದ್ದು ಹಾಗೇ ಅಲ್ವನೇ" ಎಂದರು.

"ಇದೇನು, ನಂಗೆ ಗೊತ್ತೇ ಇಲ್ಲ" ಎಂದಳು ಅಣ್ಣನ ಮಗಳು. ಒಲೆಯ ಆಚೆ ಕೂತ ದೊಡ್ಡಪ್ಪ ಕೇಳಿಸದವರ ಹಾಗೆ ಕೊಳ್ಳಿ ಸರಿಮಾಡಿದರು. ಹಾಗಾಗಿ ನಾನೇ ಹೇಳಿದೆ.

ನಾನು ಹೈಸ್ಕೂಲಿನಲ್ಲಿದ್ದಾಗ ದೊಡ್ಡಪ್ಪ ಊರಿನ ಸೊಸೈಟಿಗೆ ನಿಂತಿದ್ದರು. ಕಣದಲ್ಲಿ ಮೂವರು. ಲೆಕ್ಕ ಹಾಕಿದರೆ ತಾನು ಮೂರನೆಯವನು ಎಂದು ಗೊತ್ತಾಗಿ ನಾಮಪತ್ರ ವಾಪಸು ತೆಗೆದುಕೊಂಡರು. ಅವತ್ತು ಸಂಜೆಗೇ ಒಂದು ಕಡೆಯವರು ಬಾಳೆಗೊನೆ ಹೊತ್ತುಕೊಂಡು ಬಂದರು. ಇನ್ನೊಂದು ಕಡೆಯವರು ಬರಿಗೈಯಲ್ಲಿ ಬಂದು, ನಮ್ಮ ತೋಟಕ್ಕೆ ನೀರು ಬರುವುದು ತಮ್ಮ ಗಡಿ ದಾಟಿ ಎಂಬುದನ್ನು ಬಹಳ ಮರ್ಯಾದೆಯಿಂದ ನೆನಪಿಸಿ ಹೋದರು. ಇಬ್ಬರೂ ಕೇಳಿದ್ದು ಒಂದೇ: ನಿಮಗೆ ಬರಬೇಕಾಗಿದ್ದ ಆ ನಲವತ್ತು ವೋಟು. ದೊಡ್ಡಪ್ಪ ಮರುದಿನ ಬೆಳಗ್ಗೆ ಚೀಲ ಹಿಡಿದು ತಂಗಿಯ ಮನೆಗೆ ಹೋದವರು ಎಂಟು ದಿನ ಬರಲಿಲ್ಲ.

"ಆ ನಲವತ್ತು ಜನ ನನ್ನ ಮುಖ ನೋಡಿ ಹಾಕ್ತೇವೆ ಅಂದಿದ್ದು" ಎಂದರು ಅವತ್ತು ಫೋನಿನಲ್ಲಿ. "ಅವರನ್ನ ಗೋಣಿಚೀಲಕ್ಕೆ ತುಂಬಿ ಇನ್ನೊಬ್ಬರ ಅಂಗಳದಲ್ಲಿ ಸುರಿಯೋಕೆ ಅವರೇನು ಅಡಿಕೆಯಾ? ಮತ್ತೆ ನೋಡು, ನಾನು ಒಬ್ಬನ ಹೆಸರು ಹೇಳಿ ಅವನು ಗೆದ್ದರೆ ಅವನು ತನ್ನ ಬಲದಿಂದಲೇ ಗೆದ್ದೆ ಅಂತಾನೆ. ಸೋತರೆ ನನ್ನಿಂದ ಸೋತೆ ಅಂತಾನೆ. ಚುನಾವಣೆ ಒಂದು ದಿನ. ನೀರಿನ ಕಾಲುವೆ ವರ್ಷವಿಡೀ."

ಅಂದಹಾಗೆ ಅದೇ ಭಾನುವಾರ, ಮಾರ್ಚ್ 8ಕ್ಕೆ, ಕಮಲಾ ಹ್ಯಾರಿಸ್ ಬೈಡನ್‌ಗೆ ಬೆಂಬಲ ಕೊಟ್ಟರು. ಅವರು ಕಣ ಬಿಟ್ಟಿದ್ದು ಡಿಸೆಂಬರ್ 3ಕ್ಕೆ. ಮೂರು ತಿಂಗಳು ಸುಮ್ಮನಿದ್ದರು, ಯಾರೂ ಹಾವೆನ್ನಲಿಲ್ಲ. ಗೆಲುವಿನ ಗಾಳಿ ಯಾವ ಕಡೆಗೆಂದು ಗೊತ್ತಾದ ಮೇಲೆ ಮಾತಾಡುವುದನ್ನು ಜನ ಸುಲಭವಾಗಿ ಕ್ಷಮಿಸುತ್ತಾರೆ. ಗೊತ್ತಾಗುವ ಮೊದಲು ಸುಮ್ಮನಿರುವುದನ್ನು ಕ್ಷಮಿಸುವುದಿಲ್ಲ.

10ಕ್ಕೆ ಮಿಶಿಗನ್ ಬೈಡನ್ ಪಾಲಾಯಿತು. ಅವತ್ತೇ ನಮ್ಮ ರಾಜ್ಯದಲ್ಲಿ ಕೊರೊನಾ ತುರ್ತುಪರಿಸ್ಥಿತಿ. ಆಫೀಸು ಮುಚ್ಚಿತು, ಶಾಲೆ ಮುಚ್ಚಿತು, ನಾನು ಇವರು ಮಗಳು ಮೂವರೂ ಎರಡು ಕೋಣೆಯಲ್ಲಿ. ಟೀಚರಮ್ಮ ಬೇಲಿಯ ಆಚೆ ಕುರ್ಚಿ ಹಾಕಿಕೊಂಡು, ನಾನು ಈಚೆ. ಅವರ ಅಂಗಳದಲ್ಲಿ ವಾರನ್ ಹೆಸರಿನ ಫಲಕ ಹಾಗೇ ನಿಂತಿತ್ತು, ಅರ್ಧ ಮಂಜಿನಲ್ಲಿ.

ಟೀಚರಮ್ಮ ನನಗಿಂತ ಲೋಕ ಕಂಡವರು. 2008ರಲ್ಲಿ ಜಾನ್ ಎಡ್ವರ್ಡ್ಸ್ ಪರ ಓಡಾಡಿದ್ದರಂತೆ. ಎಡ್ವರ್ಡ್ಸ್ ಜನವರಿ 30ಕ್ಕೆ ನ್ಯೂ ಆರ್ಲಿಯನ್ಸ್‌ನಲ್ಲಿ ಕಣ ಬಿಟ್ಟರು. ಫೆಬ್ರವರಿಯಲ್ಲಿ ಒಬಾಮಾ, ಹಿಲರಿ ಇಬ್ಬರೂ ಬೇರೆ ಬೇರೆಯಾಗಿ ಅವರ ಮನೆ ಬಾಗಿಲಿಗೆ ಹೋಗಿ ಬಂದರು. ಎಡ್ವರ್ಡ್ಸ್ ಒಬಾಮಾ ಪರ ಎಂದದ್ದು ಮೇ 14ಕ್ಕೆ, ಹಿಂದಿನ ದಿನವಷ್ಟೇ ಹಿಲರಿ ವೆಸ್ಟ್ ವರ್ಜೀನಿಯಾವನ್ನು ದೊಡ್ಡ ಅಂತರದಲ್ಲಿ ಗೆದ್ದಿದ್ದರು. ಆ ಸುದ್ದಿ ಮುಚ್ಚಿಹೋಗಲೆಂದೇ ಹೊತ್ತು ನೋಡಿ ಹೇಳಿದ್ದು ಎಂಬುದು ಟೀಚರಮ್ಮನ ಖಾತ್ರಿ. ಎಡ್ವರ್ಡ್ಸ್ ಹೆಂಡತಿ ಎಲಿಜಬೆತ್ ಮಾತ್ರ ಗಂಡನ ಜೊತೆ ದನಿ ಸೇರಿಸಲಿಲ್ಲ. "ಕೊಡುವವರೆಗೆ ಇಬ್ಬರೂ ಫೋನು ಮಾಡ್ತಾರೆ. ಕೊಟ್ಟ ಮೇಲೆ ಯಾರೂ ಮಾಡಲ್ಲ" ಎಂದರು ಟೀಚರಮ್ಮ ಬೇಲಿಯಾಚೆಯಿಂದ.

ಅದನ್ನು ಕೇಳಿದಾಗ ನನಗೆ ಸ್ವಲ್ಪ ಕಸಿವಿಸಿಯಾಯಿತು. ಚೌಕಾಸಿಯೇ ಹಾಗಾದರೆ? ಪದವಿ ಕೊಡುತ್ತೇನೆ ಬೆಂಬಲ ಕೊಡು ಎಂದು ಅಭ್ಯರ್ಥಿ ಮಾತು ಕೊಡುವುದು ಅಲ್ಲಿನ ಕಾನೂನಿನಲ್ಲಿ ಅಪರಾಧ. ಆದರೆ ನನ್ನ ಯೋಜನೆಯನ್ನು ನಿನ್ನದಾಗಿ ಮಾಡಿಕೋ ಎನ್ನುವುದಕ್ಕೆ ಯಾವ ಕಾನೂನೂ ಅಡ್ಡಬರುವುದಿಲ್ಲ. ವಾರನ್ ಮತ್ತು ಬೈಡನ್ ನಡುವಿನ ಹಳೆಯ ಜಗಳ ದಿವಾಳಿ ಕಾನೂನಿನದು. 2005ರಲ್ಲಿ ಸಾಲದಲ್ಲಿ ಮುಳುಗಿದವರಿಗೆ ದಿವಾಳಿ ಘೋಷಣೆ ಕಷ್ಟವಾಗುವ ಹಾಗೆ ಕಾನೂನು ಬದಲಾಯಿತು. ಕ್ರೆಡಿಟ್ ಕಾರ್ಡ್ ಕಂಪನಿಗಳ ತವರಾದ ಡೆಲವೇರ್‌ನ ಸೆನೆಟರ್ ಬೈಡನ್ ಅದರ ಪರ. ಹಾರ್ವರ್ಡ್‌ನಲ್ಲಿ ದಿವಾಳಿ ಕಾನೂನು ಕಲಿಸುತ್ತಿದ್ದ ವಾರನ್, ಕಾಯಿಲೆ ಕೆಲಸನಷ್ಟ ವಿಚ್ಛೇದನಗಳಿಂದ ಮುಳುಗುವ ಸಂಸಾರಗಳ ಲೆಕ್ಕ ಇಟ್ಟವರು, ಸೆನೆಟ್ ಸಮಿತಿಯ ಮುಂದೆ ಬೈಡನ್ ಜೊತೆ ಮುಖಾಮುಖಿ ವಾದಿಸಿದ್ದರು. ಕಾನೂನು ಬಂದೇ ಬಂತು. ಈಗ, ಹದಿನೈದು ವರ್ಷದ ಮೇಲೆ, 2020ರ ಮಾರ್ಚ್ ಮಧ್ಯದಲ್ಲಿ, ಬೈಡನ್ ಎದ್ದು ದಿವಾಳಿ ಕಾನೂನಿನ ವಿಷಯದಲ್ಲಿ ವಾರನ್ ಯೋಜನೆಯನ್ನೇ ಒಪ್ಪಿಕೊಂಡಿದ್ದೇನೆ ಎಂದರು.

ಸುದ್ದಿ ನೋಡಿ ಟೀಚರಮ್ಮ ಬೇಲಿಯ ಹತ್ತಿರ ಬಂದು ಎರಡು ಬೆರಳಲ್ಲಿ ಕೊಯ್ಯುವ ಅಭಿನಯ ಮಾಡಿದರು. ಫಸಲು ಬಂತು ಎಂದು. ಮಾರ್ಚ್ 5ರಂದೇ ಬೆಂಬಲ ಕೊಟ್ಟಿದ್ದರೆ ಇದು ಬರುತ್ತಿತ್ತೇ? ನನಗನ್ನಿಸುವುದಿಲ್ಲ. ಸ್ಯಾಂಡರ್ಸ್‌ಗೆ ಕೊಟ್ಟಿದ್ದರೆ ಅಂತೂ ಇಲ್ಲವೇ ಇಲ್ಲ. ಇದನ್ನು ಇವರಿಗೆ ಹೇಳಿದೆ. "ಹಾಗಾದರೆ ವ್ಯಾಪಾರ ಅನ್ನು, ತತ್ವ ಅನ್ನಬೇಡ" ಎಂದರು. ವ್ಯಾಪಾರವೇ ಇರಬಹುದು. ಅಮ್ಮನ ಬಳೆ ವಾಪಸು ಬರುವ ವ್ಯಾಪಾರವಾದರೆ ನನಗೆ ಅಡ್ಡಿಯಿಲ್ಲ ಎಂದೆ. ಇವರು ಮಾತಾಡಲಿಲ್ಲ. ಎರಡು ಕೋಣೆಯ ಮನೆಯಲ್ಲಿ ಮಾತು ಬಿಟ್ಟು ಎಲ್ಲಿಗೆ ಹೋಗುವುದು, ರಾತ್ರಿ ಅವರೇ ಚಿತ್ರಾನ್ನ ಕಲಸಿದರು.

ಒಂದು ವಿಷಯದಲ್ಲಿ ಮಾತ್ರ ಇವರು ಹೇಳುವುದು ಸರಿ ಎಂದು ಈಗ ಒಪ್ಪುತ್ತೇನೆ. ಸುಮ್ಮನಿರುವುದೂ ಒಂದು ಪಕ್ಷ ಹಿಡಿದ ಹಾಗೆಯೇ. ಬೈಡನ್ ಮುಂದಿದ್ದರು, ಮುಂದಿದ್ದವರಿಗೆ ಯಾರ ಮೌನವೂ ಅನುಕೂಲವೇ. ಅದು ವಾರನ್‌ಗೆ ಗೊತ್ತಿರಲಿಲ್ಲ ಎನ್ನಲು ಅವರು ಅಷ್ಟು ಮುಗ್ಧರಲ್ಲ.

ಏಪ್ರಿಲ್ 8ಕ್ಕೆ ಸ್ಯಾಂಡರ್ಸ್ ಕಣ ಬಿಟ್ಟರು. ಅವತ್ತು ಇವರ ಮುಖ ನೋಡಿ ನಾನು ಏನೂ ಅನ್ನಲಿಲ್ಲ. ಫ್ರಿಜ್ಜಿನ ಸ್ಟಿಕರ್ ತೆಗೆಯಲು ಹೋದವರನ್ನು ಇರಲಿ ಬಿಡಿ ಎಂದೆ. 13ಕ್ಕೆ ಸ್ಯಾಂಡರ್ಸ್ ಅವರೇ ಬೈಡನ್‌ಗೆ ಬೆಂಬಲ ಕೊಟ್ಟರು. 14ಕ್ಕೆ ಒಬಾಮಾ. 15ಕ್ಕೆ, ಎಲ್ಲರ ಹಿಂದೆ, ವಾರನ್. ಆ ರಾತ್ರಿ ಟಿವಿಯಲ್ಲಿ, ಉಪಾಧ್ಯಕ್ಷೆ ಆಗೆಂದರೆ ಒಪ್ಪುತ್ತೀರಾ ಎಂದು ಕೇಳಿದ್ದಕ್ಕೆ ಹೌದು ಎಂದರು. ಅಡ್ಡಗೋಡೆಯ ಮೇಲೆ ದೀಪ ಇಡುವ ಮಾತೇ ಇಲ್ಲ, ಒಂದೇ ಪದ. ಆ ಟಿಕೆಟ್ ಸಿಕ್ಕಿದ್ದು ಆಗಸ್ಟಿನಲ್ಲಿ ಕಮಲಾ ಹ್ಯಾರಿಸ್‌ಗೆ. ಚೆನ್ನೈ ಶ್ಯಾಮಲಾ ಅವರ ಮಗಳು ಎಂದು ನಮ್ಮ ಕನ್ನಡ ಕೂಟದ ವಾಟ್ಸಾಪಿನಲ್ಲಿ ಹೋಳಿಗೆ ಹಂಚಿದ್ದೇ ಹಂಚಿದ್ದು.

ಮಾರ್ಚ್ 5ರಿಂದ ಏಪ್ರಿಲ್ 15. ನಾನು ಬೆರಳೆಣಿಸಿದ್ದೆ: 41 ದಿನ.

"ಅಯ್ಯಪ್ಪನ ಮಾಲೆ ಹಾಕಿದಷ್ಟೇ ದಿನ" ಎಂದರು ದೊಡ್ಡಮ್ಮ.

ಟೀಚರಮ್ಮ ಏಪ್ರಿಲ್ 16ರ ಬೆಳಗ್ಗೆ ಅಂಗಳದ ಫಲಕ ಕಿತ್ತು, ಕಾಗದ ಹರಿದು, ಕಬ್ಬಿಣದ ಕಡ್ಡಿಗಳನ್ನು ಮಾತ್ರ ಟೊಮೆಟೊ ಬಳ್ಳಿಗೆ ಊರುಗೋಲಿಗೆಂದು ಎತ್ತಿಟ್ಟುಕೊಂಡರು.

ಕತೆ ಕೇಳಿದ ಅಣ್ಣನ ಮಗಳು ಸ್ವಲ್ಪ ಹೊತ್ತು ಮೊಬೈಲಿನಲ್ಲಿ ಏನೋ ಹುಡುಕುತ್ತಿದ್ದಳು. ಆಮೇಲೆ ಅದನ್ನು ಬೋರಲು ಹಾಕಿ, ಒಲೆಯ ಆಚೆಗೆ ತಿರುಗಿದಳು.

"ಅಜ್ಜ, ಎಂಟು ದಿನ ಆದ್ಮೇಲೆ ವೋಟಿನ ದಿನ ಬಂದ್ರಲ್ಲ. ಕೊನೆಗೆ ಯಾರಿಗೆ ಹಾಕಿದ್ರಿ?"

"ನಂಗೇ ಹೇಳಿಲ್ಲ, ಮೂವತ್ತು ವರ್ಷ ಆಯ್ತು" ಎಂದರು ದೊಡ್ಡಮ್ಮ. "ಬಾಳೆಗೊನೆ ಮಾತ್ರ ತಿಂದಿದ್ದೇವೆ."

ದೊಡ್ಡಪ್ಪ ಎದ್ದು ಹಂಡೆಯೊಳಗೆ ಸೌಟು ಇಳಿಸಿ ಒಂದು ಅಡಿಕೆ ಎತ್ತಿದರು. ಬಿಸಿಗೆ ಒಂದು ಕೈಯಿಂದ ಇನ್ನೊಂದು ಕೈಗೆ ಹಾರಿಸುತ್ತ, ಬೆಳಕಿಗೆ ಹಿಡಿದು, ಕತ್ತಿಯಿಂದ ಸೀಳಿ ನೋಡಿದರು.

"ಬೆಂದಿದೆ. ಬುಟ್ಟಿ ತಾ" ಎಂದರು.